ಮೊಣಕಾಲುದ್ದ ನೀರಿನ ನಕ್ಷೆ

ನೀರಿನ ತಳ ಅಳೆದು ನಕ್ಷೆ ಮಾಡುವುದು ನನ್ನ ಕೆಲಸ. ಆ ಬಗ್ಗೆ ಚಿತ್ರದುರ್ಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಕಾಗದ ಇಟ್ಟುಕೊಂಡು ಹೋಗಿರಲಿಲ್ಲ. ಗೆಳತಿಯೊಬ್ಬಳು ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು, ಅದನ್ನು ಕೇಳಿಕೊಂಡು ಬರೆದಿದ್ದೇನೆ. ನಡುವೆ ಕರೆಂಟ್ ಹೋಗಿ ಮೈಕ್ ಇಲ್ಲದೆ ಕೂಗಿ ಹೇಳಿದ ಭಾಗ ರೆಕಾರ್ಡಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಅದನ್ನು ನೆನಪಿನಿಂದ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮದ ಕರೆಯೋಲೆ ವಾಟ್ಸಾಪಿನಲ್ಲಿ ಓಡಾಡಿದ್ದೇ ತಡ, ನಮ್ಮ ಚಿಕ್ಕಪ್ಪ ಫೋನ್ ಮಾಡಿದರು. "ಅಲ್ಲ ಕಣಮ್ಮಾ, ದುರ್ಗದ ಜನಕ್ಕೆ ಸಮುದ್ರದ ತಳದ ಕತೆ ಹೇಳ್ತೀಯಾ? ಬೋರ್‌ವೆಲ್‌ನಲ್ಲಿ ನೀರು ಎಷ್ಟು ಅಡಿಗೆ ಸಿಗುತ್ತೆ ಅಂತ ಹೇಳು, ಪುಣ್ಯ ಬರುತ್ತೆ" ಅಂದರು. ಮಾತು ನ್ಯಾಯವಾಗಿಯೇ ಇದೆ. ಸಮುದ್ರ ನೋಡಬೇಕು ಅಂದರೆ ನಾವು ಘಟ್ಟ ಇಳಿಯಬೇಕು. ನಾನು ಮೊದಲ ಸಲ ಸಮುದ್ರ ನೋಡಿದ್ದು ಹೈಸ್ಕೂಲಿನ ಪ್ರವಾಸದಲ್ಲಿ. ಅವತ್ತು ಮೊಣಕಾಲಿನ ಮೇಲೆ ನೀರು ಬರಲು ಮೇಷ್ಟ್ರು ಬಿಡಲಿಲ್ಲ. ಆ ಮೊಣಕಾಲುದ್ದ ನೀರಿನ ಹತ್ತಿರಕ್ಕೆ ಆಮೇಲೆ ಬರುತ್ತೇನೆ. ಇವತ್ತಿನ ಮಾತೆಲ್ಲ ಇರೋದೇ ಅಲ್ಲಿ.

ಆದರೆ ಸಮುದ್ರಕ್ಕೂ ನಮಗೂ ಸಂಬಂಧವೇ ಇಲ್ಲ ಅನ್ನೋದನ್ನು ನಾನು ಒಪ್ಪಲ್ಲ. ನಮ್ಮ ಮರಡಿಹಳ್ಳಿಯ ಬಂಡೆಗಳನ್ನು ನೋಡಿದ್ದೀರಾ? ದಿಂಬು ಪೇರಿಸಿ ಇಟ್ಟ ಹಾಗಿವೆ. ಬಿಸಿ ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಆ ಆಕಾರ ಬರುತ್ತದೆ. ಹೊರಮೈ ತಟ್ಟನೆ ಗಟ್ಟಿಯಾಗುತ್ತೆ, ಒಳಗಿನದು ಒತ್ತಿಕೊಂಡು ಬಂದು ಇನ್ನೊಂದು ದಿಂಬಾಗುತ್ತೆ. ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಕರೆದಿದೆ. ಸುಮಾರು 250 ಕೋಟಿ ವರ್ಷ ಹಳೆಯದು. ಅಂದರೆ ಆಗ ಅಲ್ಲಿ ನೀರಿತ್ತು, ಆ ಬಂಡೆಯೇ ನೀರಿನ ತಳ. ಕೋಟೆಯ ಬಂಡೆಗಳು ಬೇರೆ, ಅವು ಗ್ರಾನೈಟ್. ಒನಕೆ ಓಬವ್ವನ ಕಿಂಡಿಯಲ್ಲಿ ಸಮುದ್ರ ಹುಡುಕಬೇಡಿ.

ಇನ್ನೊಂದು ಮಾತು. ನಮ್ಮ ದೇಶದ ಸಮುದ್ರದ ನಕ್ಷೆಗಳನ್ನು ತಯಾರಿಸುವ ನೌಕಾಪಡೆಯ ಮುಖ್ಯ ಕಚೇರಿ ಎಲ್ಲಿದೆ ಗೊತ್ತಾ? ಮುಂಬೈ ಅಲ್ಲ, ಕೊಚ್ಚಿ ಅಲ್ಲ. ಡೆಹ್ರಾಡೂನ್. ಹಿಮಾಲಯದ ಬುಡದಲ್ಲಿ. ಅವರು ಅಲ್ಲಿ ಕೂತು ಮಾಡಬಹುದಾದರೆ ನಾವು ಇಲ್ಲಿ ಕೂತು ಮಾತಾಡಬಹುದು.

ಈಗ ಅಳತೆಯ ವಿಷಯ. ನಮ್ಮಜ್ಜಿ ಸಂತೆಹೊಂಡದ ಹತ್ತಿರ ಹೂ ಮಾರುತ್ತಿದ್ದಳು. ಸೇವಂತಿಗೆ, ಕನಕಾಂಬರ. ಎರಡೂ ಕೈ ಅಗಲಿಸಿ ಹಿಡಿದರೆ ಒಂದು ಮಾರು. ಅಜ್ಜಿ ಗಿಡ್ಡ. ಎತ್ತರದ ಹೆಂಗಸರು ಬಂದರೆ "ನನ್ನ ಕೈಯಾಗೆ ಅಳಿ" ಅಂತ ಜಗಳ ತೆಗೆಯುತ್ತಿದ್ದರು. ಅಜ್ಜಿ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ವ್ಯಾಪಾರದ ಲಾಭ ಇದ್ದದ್ದೇ ಅವಳ ಆ ಗಿಡ್ಡ ಕೈಯಲ್ಲಿ.

ಹಡಗಿನವರು ಹೇಳುವ ಫ್ಯಾದಮ್ ಅನ್ನೋದೂ ಇದೇ ಮಾರು. ಅಗಲಿಸಿದ ಎರಡು ತೋಳು. ಜಗಳ ಜಾಸ್ತಿ ಆಯಿತೋ ಏನೋ, ಆಮೇಲೆ ಆರು ಅಡಿ ಅಂತ ಗೊತ್ತು ಮಾಡಿದರು. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಬಿಡೋದು. ತಳ ಮುಟ್ಟಿದರೆ ಹಗ್ಗ ಸಡಿಲವಾಗುತ್ತೆ. ಎಷ್ಟು ಮಾರು ಅಂತ ಎಣಿಸೋದು. ಗುಂಡಿನ ಕೆಳಗೆ ಒಂದು ಗುಳಿ ಇರುತ್ತಿತ್ತು, ಅದರಲ್ಲಿ ದನದ ಕೊಬ್ಬು ಮೆತ್ತುತ್ತಿದ್ದರು. ಮೇಲೆ ಬಂದಾಗ ಕೊಬ್ಬಿಗೆ ಮರಳು ಅಂಟಿದ್ದರೆ ಕೆಳಗೆ ಮರಳು. ಕೆಸರು ಅಂಟಿದ್ದರೆ ಕೆಸರು. ಏನೂ ಅಂಟದೆ ಬಂದರೆ ಬಂಡೆ, ಲಂಗರು ಹಾಕಬೇಡ. ಇಷ್ಟು ಸರಳವಾದ, ಇಷ್ಟು ಜಾಣತನದ ಉಪಕರಣ ನಾನು ಇನ್ನೊಂದು ನೋಡಿಲ್ಲ.

ಕಷ್ಟ ಏನೆಂದರೆ, ನಿಧಾನ. ಚಾಲೆಂಜರ್ ಅನ್ನುವ ಬ್ರಿಟಿಷ್ ಹಡಗು 1872ರಿಂದ 1876ರವರೆಗೆ ಭೂಮಿ ಸುತ್ತಿತು. ಅಷ್ಟು ವರ್ಷದಲ್ಲಿ ಆಳ ಸಮುದ್ರವನ್ನು ಅಳೆಯಲು ಆಗಿದ್ದು 500ಕ್ಕಿಂತ ಕಡಿಮೆ ಜಾಗದಲ್ಲಿ. ಈಗ ನಾವು ದೋಣಿಗೆ ಕಟ್ಟುವ ಯಂತ್ರ ಒಂದು ಸೆಕೆಂಡಿನಲ್ಲಿ ಅದಕ್ಕಿಂತ ಜಾಸ್ತಿ ಅಳತೆ ಕೊಡುತ್ತದೆ. ಹಗ್ಗದ ಕೆಲಸವನ್ನು ಸದ್ದು ಮಾಡುತ್ತದೆ, ಅಷ್ಟೇ. ಸದ್ದು ತಳಕ್ಕೆ ತಾಗಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನೋದರಿಂದ ಆಳ ಗೊತ್ತಾಗುತ್ತೆ. ಆ ಯಂತ್ರಕ್ಕೆ ಸೋನಾರ್ ಅನ್ನುತ್ತಾರೆ.

ನೀರಿನಲ್ಲಿ ಸದ್ದು ಎಷ್ಟು ಜೋರಾಗಿ ಓಡುತ್ತೆ ಅಂತ ಸರಿಯಾಗಿ ಅಳೆದದ್ದು 1826ರಲ್ಲಿ, ಜಿನೀವಾ ಸರೋವರದಲ್ಲಿ. ಕೊಲಾಡನ್ ಮತ್ತು ಸ್ಟರ್ಮ್ ಅಂತ ಇಬ್ಬರು. ಒಂದು ದೋಣಿಯಿಂದ ನೀರೊಳಗೆ ಗಂಟೆ ಇಳಿಬಿಟ್ಟರು. ಗಂಟೆ ಬಾರಿಸಿದ ಕ್ಷಣಕ್ಕೇ ಮೇಲೆ ಮದ್ದು ಹೊತ್ತಿ ಬೆಳಕಾಗುವ ಹಾಗೆ ಮಾಡಿದ್ದರು. ಹದಿಮೂರು ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ, ಕತ್ತಲಲ್ಲಿ, ಇನ್ನೊಂದು ದೋಣಿ. ಅದರಲ್ಲಿದ್ದವರು ನೀರಿಗೆ ಕೊಳವೆ ಇಳಿಸಿ ಕಿವಿ ಹಚ್ಚಿ ಕೂತಿದ್ದರು. ಬೆಳಕು ಕಂಡ ಒಂಬತ್ತು ಚಿಲ್ಲರೆ ಸೆಕೆಂಡಿಗೆ ಗಂಟೆ ಕೇಳಿಸಿತು. ಸೆಕೆಂಡಿಗೆ 1,435 ಮೀಟರ್ ಅಂತ ಲೆಕ್ಕ ಬಂತು. ಗಾಳಿಯಲ್ಲಿ ಸದ್ದು ಓಡೋದು ಸುಮಾರು 340 ಮೀಟರ್. ನೀರಿನಲ್ಲಿ ನಾಲ್ಕು ಪಟ್ಟು.

ಜಿನೀವಾದ್ದು ತಣ್ಣನೆಯ ಸಿಹಿನೀರು. ನಮ್ಮ ಅರಬ್ಬಿ ಸಮುದ್ರ ಬೆಚ್ಚಗಿನ ಉಪ್ಪುನೀರು, ಅಲ್ಲಿ 1,540ರ ಆಸುಪಾಸು. ಈ ವ್ಯತ್ಯಾಸ ಸುಮ್ನೆ ಹೇಳಿದ್ದಲ್ಲ. ಯಂತ್ರದಲ್ಲಿ 1,500 ಅಂತ ಹಾಕಿ ಮರೆತರೆ, 20 ಮೀಟರ್ ಆಳದಲ್ಲಿ ಅರ್ಧ ಮೀಟರ್ ತಪ್ಪುತ್ತದೆ. ಬಂದರಿಗೆ ಬರುವ ಹಡಗಿಗೆ ಅರ್ಧ ಮೀಟರ್ ಅಂದರೆ ತಳ ತಾಗೋದು, ತಾಗದೆ ಇರೋದು ಎರಡರ ನಡುವಿನ ಅಂತರ.

ಅಳಿವೆಯಲ್ಲಂತೂ ಇದು ದೊಡ್ಡ ತಲೆನೋವು. ಹೊಳೆ ಸಮುದ್ರ ಸೇರುವ ಬಾಯಿಗೆ ಕರಾವಳಿಯವರು ಅಳಿವೆ ಅನ್ನುತ್ತಾರೆ. ಅಲ್ಲಿ ಹೊಳೆಯ ಸಿಹಿನೀರು ಹಗುರ, ಮೇಲೆ ತೇಲುತ್ತದೆ. ಉಪ್ಪುನೀರು ಕೆಳಗೆ ಕೂರುತ್ತದೆ. ಓರೆಯಾಗಿ ಹೋದ ಸದ್ದು ಆ ಗಡಿಯಲ್ಲಿ ಬಾಗುತ್ತದೆ. ಚಪ್ಪಟೆ ತಳ ಕಂಪ್ಯೂಟರಿನಲ್ಲಿ ಬಾಳೆಲೆ ತುದಿ ಮಡಚಿಕೊಂಡ ಹಾಗೆ ಅಂಚಿನಲ್ಲಿ ಮೇಲಕ್ಕೋ ಕೆಳಕ್ಕೋ ಬಾಗಿ ಕಾಣುತ್ತದೆ. ಹೊಸಬರು ಅದನ್ನು ನೋಡಿ "ಅಲ್ಲಿ ಹಳ್ಳ ಇದೆ" ಅಂತ ಬರೆದುಬಿಡುತ್ತಾರೆ. ಅದಕ್ಕೇ ದಿನಕ್ಕೆ ಹಲವು ಸಲ ನೀರಿನ ಬಿಸಿ, ಉಪ್ಪು ನೋಡುವ ಉಪಕರಣ ಇಳಿಸುತ್ತಲೇ ಇರಬೇಕು. ಭರತ ಬಂದರೆ ಒಂದು ಲೆಕ್ಕ, ಇಳಿತಕ್ಕೆ ಇನ್ನೊಂದು.

ಈಗ ಬಹುಕಿರಣ ಸೋನಾರ್ ವಿಷಯ. ದೋಣಿಯ ಕೆಳಗೆ ಒಂದು ಪೆಟ್ಟಿಗೆ. ಅದು ಬೀಸಣಿಗೆ ಬಿಡಿಸಿದ ಹಾಗೆ ಎಡಕ್ಕೂ ಬಲಕ್ಕೂ ನೂರಾರು ಕಿರಣಗಳಲ್ಲಿ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಹಿಂದೆ ಬಂದ ಸದ್ದು ಎಷ್ಟು ಜೋರಾಗಿದೆ ಅನ್ನೋದನ್ನೂ ಬರೆದಿಡುತ್ತದೆ. ಮಡಿಕೆ ಕೊಳ್ಳುವಾಗ ತಟ್ಟಿ ನೋಡುತ್ತೀರಲ್ಲ, ಹಾಗೆ. ಬಂಡೆ ಜೋರಾಗಿ ಮಾರುತ್ತರ ಕೊಡುತ್ತದೆ, ಕೆಸರು ಮೆತ್ತಗೆ. ಹಳೆ ಕಾಲದ ಕೊಬ್ಬಿನ ಕೆಲಸ ಇದು.

ದೋಣಿ ಹೊಲದಲ್ಲಿ ಕೂರಿಗೆ ಹೊಡೆದ ಹಾಗೆ ಸಾಲು ಸಾಲಾಗಿ ಹೋಗಿ ಬರಬೇಕು. ಸಾಲಿನ ಪಕ್ಕಕ್ಕೆ ಸಾಲು, ಸ್ವಲ್ಪ ಒಂದರ ಮೇಲೊಂದು ಬರುವ ಹಾಗೆ. ಆದರೆ ಈ ಕೂರಿಗೆಗೆ ಒಂದು ವಿಚಿತ್ರ ಗುಣ ಇದೆ. ನೀರು ಆಳ ಇದ್ದಷ್ಟೂ ಅದರ ಅಗಲ ಜಾಸ್ತಿ. ಬೀಸಣಿಗೆ 120 ಡಿಗ್ರಿ ಬಿಚ್ಚಿದೆ ಅಂದುಕೊಳ್ಳಿ. 100 ಮೀಟರ್ ಆಳದಲ್ಲಿ ಒಂದು ಸಾಲಿಗೆ ಸುಮಾರು 350 ಮೀಟರ್ ಅಗಲದ ತಳ ಸಿಗುತ್ತದೆ. ಎರಡು ಮೀಟರ್ ಆಳದಲ್ಲಿ? ಏಳು ಮೀಟರ್. ಒಂದು ಎತ್ತಿನ ಗಾಡಿ ತಿರುಗಿಸೋಕೂ ಸಾಲದು.

ಜನ ನನ್ನನ್ನು ಕೇಳೋದು ಯಾವಾಗಲೂ ಒಂದೇ. "ಮೇಡಮ್, ಎಷ್ಟು ಆಳದವರೆಗೆ ಅಳೆದಿದ್ದೀರಾ?" ಆಳ ಅಂದರೆ ಕಷ್ಟ ಅಂತ ಎಲ್ಲರ ಲೆಕ್ಕ. ಉಲ್ಟಾ. ಆಳದಲ್ಲಿ ಹಡಗು ನೆಟ್ಟಗೆ ಹೋಗುತ್ತೆ, ನಾವು ಕಾಫಿ ಕುಡಿಯುತ್ತಾ ಪರದೆ ನೋಡುತ್ತೇವೆ. ಕಷ್ಟ ಇರೋದು ದಡದಲ್ಲಿ. ಎದೆಯುದ್ದ, ಸೊಂಟದುದ್ದ, ಮೊಣಕಾಲುದ್ದ ನೀರಿನಲ್ಲಿ. ದೋಣಿ ಹೋದರೆ ತಳ ತಾಗುತ್ತದೆ. ಅಲೆ ಒಡೆಯುವ ಜಾಗದಲ್ಲಿ ನೊರೆ ತುಂಬಿರುತ್ತೆ, ನೊರೆಯ ಗಾಳಿಗುಳ್ಳೆ ಸದ್ದನ್ನು ನುಂಗುತ್ತದೆ. ಬಂಡೆ ಇದ್ದರೆ ದೋಣಿಯೇ ಹೋಯಿತು. ಅತ್ತ ನೆಲ ಅಳೆಯುವ ಸರ್ವೆಯವರು ನೀರಿನ ಅಂಚಿಗೆ ಬಂದು ಚಪ್ಪಲಿ ಒದ್ದೆಯಾಗುತ್ತೆ ಅಂತ ನಿಂತುಬಿಡುತ್ತಾರೆ. ಇತ್ತ ಹಡಗಿನವರು ಐದಾರು ಮೀಟರ್ ಆಳಕ್ಕೆ ಬಂದು ಹೆದರಿ ತಿರುಗುತ್ತಾರೆ. ನಡುವಿನ ಪಟ್ಟಿ ನಕ್ಷೆಯಲ್ಲಿ ಖಾಲಿ. ನಮ್ಮ ಕೆಲಸದವರು ಅದನ್ನು ಬಿಳಿ ಪಟ್ಟಿ ಅಂತಲೇ ಕರೆಯುತ್ತಾರೆ.

ಆ ಬಿಳಿ ಪಟ್ಟಿಯಲ್ಲೇ ಎಲ್ಲ ನಡೆಯೋದು. ಮೀನಿನ ದೋಣಿ ಮಗುಚೋದು ಅಳಿವೆ ಬಾಯಿಯ ಮರಳ ದಿಬ್ಬದ ಮೇಲೆ. ಆ ದಿಬ್ಬ ಪ್ರತಿ ಮಳೆಗಾಲದಲ್ಲಿ ಜಾಗ ಬದಲಿಸುತ್ತದೆ. ಉಳ್ಳಾಲದ ಕಡಲ್ಕೊರೆತ ಟಿವಿಯಲ್ಲಿ ನೋಡಿರುತ್ತೀರಿ. ಮನೆ ಬೀಳೋದು ಕಾಣುತ್ತೆ, ಅದಕ್ಕೆ ಮೊದಲು ನೀರಿನ ಕೆಳಗೆ ಮರಳು ಜಾರಿದ್ದು ಕಾಣಲ್ಲ. 2004ರಂಥ ಸುನಾಮಿ ಬಂದರೆ ನೀರು ಎಲ್ಲಿ ಎಷ್ಟು ಒಳಗೆ ನುಗ್ಗುತ್ತೆ ಅಂತ ಲೆಕ್ಕ ಹಾಕಲೂ ಇದೇ ಪಟ್ಟಿಯ ಆಳ ಬೇಕು.

ಅಲ್ಲಿಗೆ ಬಂದದ್ದು ಡ್ರೋನ್. ಡ್ರೋನ್ ಅಂದರೆ ಏನು ಅಂತ ಈ ಜಿಲ್ಲೆಯವರಿಗೆ ನಾನು ವಿವರಿಸಬೇಕಿಲ್ಲ. ಚಳ್ಳಕೆರೆ ಹತ್ತಿರ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಜಾಗವೇ ಇದೆ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಕೂಡ ಈಗ ಬಾಡಿಗೆಗೆ ಸಿಗುತ್ತದೆ. ನಮ್ಮದು ಅದಕ್ಕಿಂತ ಚಿಕ್ಕದು, ಕ್ಯಾಮೆರಾ ಒಳ್ಳೆಯದು.

ಮೇಲಿಂದ ಫೋಟೊ ತೆಗೆದು ಆಳ ಹೇಳೋದು ಹೇಗೆ? ಒಂದು ಜಾಗವನ್ನು ಹಲವು ಕೋನದಿಂದ ತೆಗೆದ ಫೋಟೊಗಳಿದ್ದರೆ ಎತ್ತರ-ತಗ್ಗು ಲೆಕ್ಕ ಹಾಕಬಹುದು. ನಮ್ಮ ಎರಡು ಕಣ್ಣು ಮಾಡೋದೂ ಅದನ್ನೇ. ನೆಲದ ಮೇಲೆ ಇದು ಸಲೀಸು. ನೀರಿನಲ್ಲಿ ಬೆಳಕು ಬಾಗುತ್ತದೆ. ಪಾತ್ರೆಯಲ್ಲಿ ಒಂದು ರೂಪಾಯಿ ಹಾಕಿ ನೀರು ತುಂಬಿಸಿದರೆ ರೂಪಾಯಿ ಮೇಲೆ ಬಂದ ಹಾಗೆ ಕಾಣುತ್ತಲ್ಲ, ಅದೇ. ನೆಟ್ಟಗೆ ಮೇಲಿಂದ ನೋಡಿದರೆ ನಾಲ್ಕು ಅಡಿ ಆಳ ಮೂರು ಅಡಿಯಾಗಿ ಕಾಣುತ್ತದೆ. ಕೆರೆಗೆ ಹಾರುವ ಹುಡುಗರು ಮೋಸ ಹೋಗೋದೂ ಇಲ್ಲೇ. ಲೆಕ್ಕದಲ್ಲಿ ಅದನ್ನು ಸರಿ ಮಾಡಬಹುದು, ಓರೆ ಕೋನಕ್ಕೆ ಬೇರೆ ಬೇರೆ ತಿದ್ದುಪಡಿ ಬೇಕು, ಅಷ್ಟೇ. ಬೆಳಿಗ್ಗೆ ಬೇಗ ಹಾರಿಸಬೇಕು, ಇಲ್ಲದಿದ್ದರೆ ಬಿಸಿಲು ನೀರ ಮೇಲೆ ಮಿರಮಿರ ಅಂತ ಹೊಳೆದು ಫೋಟೊ ಹಾಳು.

ಇನ್ನೊಂದು ದಾರಿ ಹಸಿರು ಲೇಸರ್. ಹಸಿರೇ ಯಾಕೆಂದರೆ ಕೆಂಪು ಬೆಳಕನ್ನು ನೀರು ಬೇಗ ಕುಡಿದುಬಿಡುತ್ತದೆ. ಲೇಸರಿನ ಒಂದು ಮಿಣುಕು ನೀರಿನ ಮೇಲ್ಮೈಗೆ ತಾಗಿ ಸ್ವಲ್ಪ ಹಿಂದೆ ಬರುತ್ತೆ. ಉಳಿದದ್ದು ತಳ ಮುಟ್ಟಿ ಬರುತ್ತೆ. ಎರಡರ ನಡುವಿನ ಸಮಯವೇ ಆಳ. ಒಂದು ಮೀಟರ್ ನೀರಿಗೆ ಆ ಸಮಯ ಸುಮಾರು ಒಂಬತ್ತು ನ್ಯಾನೊಸೆಕೆಂಡ್. ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂಬತ್ತು ಪಾಲು. ಸೋನಾರಿಗೆ ಅದೇ ಒಂದು ಮೀಟರಿಗೆ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬಿಡುವು ಸಿಗುತ್ತದೆ.

ತಿಳಿನೀರಿನಲ್ಲಿ ವಿಮಾನಕ್ಕೆ ಕಟ್ಟುವ ದೊಡ್ಡ ಲೇಸರ್ 40 ಮೀಟರ್ ಕೆಳಗಿನ ತಳವನ್ನೂ ಮುಟ್ಟುತ್ತದೆ. ತಿಳಿನೀರು. ಅದೇ ನೋಡಿ ಸಮಸ್ಯೆ. ಲಕ್ಷದ್ವೀಪದಲ್ಲಿ ಆಗುತ್ತೆ, ಬೇಸಿಗೆಯಲ್ಲಿ ನೇತ್ರಾಣಿ ದ್ವೀಪದ ಹತ್ತಿರವೂ ಆದೀತು. ಮಳೆಗಾಲದ ಅಳಿವೆಯಲ್ಲಿ ನೀರು ಹಾಲು ಕಡಿಮೆ ಹಾಕಿದ ಕಾಫಿ ಬಣ್ಣ. ಹಾರಿಸುವ ಮೊದಲು ನಾವು ಒಂದು ಬಿಳಿ ತಟ್ಟೆಯನ್ನು ದಾರ ಕಟ್ಟಿ ಇಳಿಸುತ್ತೇವೆ. ಸೆಕ್ಕಿ ಅನ್ನುವ ಇಟಲಿಯ ಪಾದ್ರಿ 1865ರಲ್ಲಿ ಪೋಪರ ಹಡಗಿನಿಂದ ಮಾಡಿದ ಪರೀಕ್ಷೆ ಇದು, ಇವತ್ತಿಗೂ ನಡೆಯುತ್ತಿದೆ. ತಟ್ಟೆ ಎಷ್ಟು ಆಳದಲ್ಲಿ ಕಣ್ಣಿಗೆ ಕಾಣದೆ ಹೋಗುತ್ತೋ ಅದರ ಒಂದೂವರೆ ಎರಡರಷ್ಟು ಲೇಸರ್ ಹೋದೀತು ಅಂತ ಅಂದಾಜು. ಒಂದು ಸಲ ನಮ್ಮ ತಟ್ಟೆ ಒಂದು ಗೇಣಿಗೇ ಕಾಣೆಯಾಯಿತು. ಲೇಸರನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯದೆ ವಾಪಸ್ ಬಂದೆವು. ಅವತ್ತಿನ ಬಾಡಿಗೆ ಮಾತ್ರ ಕಟ್ಟಿದ್ದಾಯಿತು.

ನನಗೆ ತುಂಬಾ ಇಷ್ಟವಾದದ್ದು ಮೂರನೆಯ ದಾರಿ. ಇದಕ್ಕೆ ತಳ ಕಾಣಲೇಬೇಕು ಅಂತಿಲ್ಲ. ಕೆಸರು ನೀರಾದರೂ ಆಗುತ್ತೆ.

ದಡದಲ್ಲಿ ನಿಂತು ಅಲೆ ನೋಡಿ. ದೂರದಲ್ಲಿ ಅಲೆಗಳ ನಡುವೆ ಅಂತರ ಜಾಸ್ತಿ. ಹತ್ತಿರ ಬಂದ ಹಾಗೆ ಒತ್ತೊತ್ತಾಗುತ್ತವೆ. ಯಾಕೆ? ಮುಂದಿನ ಅಲೆ ನಿಧಾನ ಆಗಿದೆ, ಹಿಂದಿನದು ಇನ್ನೂ ಓಡಿ ಬರುತ್ತಿದೆ. ಟೋಲ್ ಗೇಟಿನ ಮುಂದೆ ಲಾರಿಗಳು ಒತ್ತಿಕೊಂಡ ಹಾಗೆ. ನೀರು ಆಳ ಕಡಿಮೆ ಆದಷ್ಟೂ ಅಲೆ ನಿಧಾನ. ಇದಕ್ಕೆ ಒಂದು ಚಿಕ್ಕ ಸೂತ್ರ ಇದೆ, ಪಿಯುಸಿ ಮಕ್ಕಳು ಬರೆದುಕೊಳ್ಳಿ. ಆಳವನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ ಅಲೆಯ ವೇಗ. ನಾಲ್ಕು ಮೀಟರ್ ಆಳದಲ್ಲಿ ಸೆಕೆಂಡಿಗೆ ಆರೂಕಾಲು ಮೀಟರ್. ಒಂದು ಮೀಟರ್ ಆಳದಲ್ಲಿ ಮೂರು ಮೀಟರ್ ಚಿಲ್ಲರೆ. ಆಳ ಗೊತ್ತಿದ್ದರೆ ವೇಗ ಹೇಳಬಹುದು. ಹಾಗಿದ್ದಮೇಲೆ ವೇಗ ಗೊತ್ತಿದ್ದರೆ ಆಳ ಹೇಳಬಹುದು, ಅಲ್ವಾ?

ಡ್ರೋನನ್ನು ನೂರು ಮೀಟರ್ ಮೇಲೆ ನಿಲ್ಲಿಸಿ. ಹತ್ತು ಹದಿನೈದು ನಿಮಿಷ ಕದಲದೆ ವಿಡಿಯೊ ತೆಗೆಯಿರಿ. ಪ್ರತಿ ಅಲೆಯ ನೆತ್ತಿ ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿನಲ್ಲಿ ಬಂತು ಅಂತ ಕಂಪ್ಯೂಟರ್ ಎಣಿಸುತ್ತದೆ. ನೀರಿನ ಮೇಲ್ಮೈ ನೋಡಿಯೇ ತಳದ ಆಕಾರ ಬರೆಯುತ್ತದೆ. ಅರ್ಧ ಮೀಟರ್ ಆಚೀಚೆ ಆಗುತ್ತೆ, ಅಲೆ ಒಡೆದ ಮೇಲೆ ಲೆಕ್ಕ ಇನ್ನೂ ಕೆಡುತ್ತೆ. ಆದರೂ ಯಾರೂ ಕಾಲಿಡಲಾಗದ ಜಾಗಕ್ಕೆ ಒಂದು ನಕ್ಷೆ ಬಂತಲ್ಲ.

ಇದು ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯಲ್ಲಿ ಸೈನ್ಯ ಇಳಿಸುವ ಮೊದಲು ಬ್ರಿಟಿಷರು ಮಾಡಿದ್ದೂ ಇದನ್ನೇ. ಶತ್ರು ಕಾಯುತ್ತಿರುವ ದಡಕ್ಕೆ ಹೋಗಿ ಹಗ್ಗ ಬಿಟ್ಟು ಅಳೆಯೋಕಾಗುತ್ತಾ? ವಿಮಾನದಿಂದ ಅಲೆಗಳ ಫೋಟೊ ಮೇಲೆ ಫೋಟೊ ತೆಗೆದು, ಅಲೆಯ ವೇಗದಿಂದ ಅಲ್ಲಿನ ಇಳಿಜಾರು ಲೆಕ್ಕ ಹಾಕಿದರು. ಆಗ ಕೈಯಲ್ಲಿ ಅಳೆದದ್ದನ್ನು ಈಗ ಕಂಪ್ಯೂಟರ್ ಮಾಡುತ್ತೆ.

(ಇಲ್ಲಿ ಕರೆಂಟ್ ಹೋಯಿತು.)

ಡ್ರೋನಿನ ಬಗ್ಗೆ ಹೊಗಳಿದ್ದು ಜಾಸ್ತಿ ಆಯಿತು. ಒಂದು ಮಾನ ಹೋದ ಕತೆಯನ್ನೂ ಹೇಳುತ್ತೇನೆ. ಉತ್ತರ ಕನ್ನಡದ ಒಂದು ಅಳಿವೆಯಲ್ಲಿ ಕೆಲಸ. ದಡದಲ್ಲಿ ಜಾಗ ಇರಲಿಲ್ಲ, ದೋಣಿಯಿಂದಲೇ ಹಾರಿಸಿದೆವು. ಡ್ರೋನಿಗೆ ಒಂದು ಒಳ್ಳೆಯ ಗುಣ ಇದೆ. ಬ್ಯಾಟರಿ ಮುಗಿಯುತ್ತಾ ಬಂದರೆ ತಾನೇ ಮನೆಗೆ ಬರುತ್ತದೆ. ಮನೆ ಅಂದರೆ ಎಲ್ಲಿಂದ ಹೊರಟಿತ್ತೋ ಆ ಜಾಗ. ಹಾರಿಸುವ ಹುಡುಗ ಅದನ್ನು ಬದಲಾಯಿಸಿರಲಿಲ್ಲ. ನಾನೂ ಕೇಳಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಇಳಿತದ ಸೆಳೆತಕ್ಕೆ ನಮ್ಮ ದೋಣಿ ಎಲ್ಲೋ ಹೋಗಿತ್ತು. ಡ್ರೋನ್ ಮಾತ್ರ ತುಂಬಾ ನಿಷ್ಠೆಯಿಂದ ಮೊದಲಿನ ಜಾಗಕ್ಕೇ ಬಂತು. ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ, ಸ್ವಲ್ಪವೂ ಅಲುಗದೆ, ನೀರಿನೊಳಗೆ ಇಳಿಯಿತು. ದೋಣಿ ನಡೆಸುತ್ತಿದ್ದವರು ಒಂದು ನಿಮಿಷ ಸುಮ್ಮನಿದ್ದು, "ಅಕ್ಕಾ, ಅದು ಮೀನು ಹಿಡಿಲಿಕ್ಕೆ ಹೋಯ್ತಾ?" ಅಂತ ಕೇಳಿದರು.

ಅದೇ ಸೋನಾರಿನಿಂದ ಅದನ್ನು ಹುಡುಕಿದಿರಾ ಅಂತ ಕೇಳಬೇಡಿ. ಹುಡುಕಿದೆವು. ಸಿಗಲಿಲ್ಲ.

ಅಳಿವೆ, ಹೊಳೆ ಅಂದಾಗ ಶಿರೂರು ನೆನಪಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿ ಹೊಳೆಗೆ ಬಿತ್ತು. ಒಂದು ಲಾರಿ ಹೊಳೆಯೊಳಗೆ ಹೋಗಿತ್ತು. ನೌಕಾಪಡೆಯವರು ಸೋನಾರ್ ಹಾಕಿದರು, ಡ್ರೋನಿಗೆ ಕಟ್ಟಿದ ಯಂತ್ರದಿಂದಲೂ ಹುಡುಕಾಟ ನಡೆಯಿತು. ನೀರಿನೊಳಗೆ ಲೋಹ ಇರುವ ಜಾಗಗಳು ಸಿಕ್ಕವು. ಆದರೂ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಸೆಳೆತ ಕಡಿಮೆಯಾಗಿ, ಮಣ್ಣು ತೆಗೆಯುವ ಡ್ರೆಜರ್ ಬಂದ ಮೇಲೆ. "ಅಷ್ಟೆಲ್ಲ ಯಂತ್ರ ಇದ್ದೂ ಯಾಕೆ ಆಗಲಿಲ್ಲ" ಅಂತ ನನ್ನನ್ನು ಬಹಳ ಜನ ಕೇಳಿದ್ದಾರೆ. ಯಂತ್ರ ಹೇಳೋದು ಎಲ್ಲಿದೆ ಅಂತ ಮಾತ್ರ. ಅದೂ ಮಣ್ಣಿನಡಿ ಹೂತಿದ್ದರೆ ಇಲ್ಲೋ ಅಲ್ಲೋ ಅನ್ನುವಷ್ಟು. ಆ ಸೆಳೆತದಲ್ಲಿ ಮನುಷ್ಯ ಇಳಿಯಬೇಕಲ್ಲ, ಅದನ್ನು ಸೋನಾರ್ ಮಾಡಲ್ಲ.

ಈಗ ನಮ್ಮ ಕಡೆಗೆ ಬರೋಣ. ತುಂಗಭದ್ರೆ ಹರಿಹರದ ಪಕ್ಕದಲ್ಲೇ ಹೋಗುತ್ತಾಳೆ. ಹೊಸಪೇಟೆ ಡ್ಯಾಮಿಗೆ ಕಟ್ಟಿದಾಗ 133 ಟಿಎಂಸಿ ಹಿಡಿಯುವ ಶಕ್ತಿ ಇತ್ತು. ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು. ಅದನ್ನು ಕಂಡುಹಿಡಿಯೋದೂ ಹೀಗೆಯೇ, ಹಿನ್ನೀರಿನ ಮೇಲೆ ಸಾಲು ಹೊಡೆದು ತಳ ಅಳೆದು. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಬರೆಯೋದು ನಮ್ಮ ಚಂದ್ರವಳ್ಳಿಯಷ್ಟು ಹಳೆಯದು. ಅಲ್ಲಿ ಕದಂಬರ ಮಯೂರಶರ್ಮ ಕೆರೆಯ ವಿಷಯಕ್ಕೇ ಶಾಸನ ಹಾಕಿಸಿದ್ದಾನೆ. ಕಾರವಾರದ ನೌಕಾನೆಲೆಗೆ ಐಎನ್ಎಸ್ ಕದಂಬ ಅಂತ ಹೆಸರಿಟ್ಟಿರೋದು ಅದೇ ವಂಶದ್ದು. ಹೂಳು ಎಷ್ಟಿದೆ ಅಂತ ಮಾತ್ರ ಯಾವ ರಾಜನೂ ಬರೆಸಿಲ್ಲ.

ಹೂಳಿನ ಲೆಕ್ಕದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ದಾವಣಗೆರೆ ಕಡೆಯ ಒಂದು ಕೆರೆ. ಸುಮಾರು ನೂರು ಎಕರೆ ನೀರು. ಎರಡು ದಿನ ಸಾಲು ಹೊಡೆದು ಚೆಂದದ ನಕ್ಷೆ ಮಾಡಿದೆವು. ನೀಲಿ, ಹಸಿರು, ಹಳದಿ. ಮೂರನೇ ದಿನ ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಅಜ್ಜ ಒಬ್ಬರು ಹತ್ತಿರ ಬಂದರು.

"ಏನವ್ವಾ, ನಿಮ್ ಮಿಷನ್ನು ಇಲ್ಲಿ ಎಷ್ಟು ಆಳ ಅಂತತಿ?"

"ಎರಡೂ ಕಾಲು ಮೀಟರ್ ಅಜ್ಜಾ."

ಅವರಿಗೆ ಮೀಟರ್ ಬೇಡ. ತಮ್ಮ ಬಿದಿರು ಗಳ ಇಳಿಸಿದರು. ಹೆಬ್ಬೆರಳಿಂದ ಗುರುತು ಹಿಡಿದು ಮೇಲೆತ್ತಿ ತೋರಿಸಿದರು. ನಮ್ಮ ಟೇಪ್ ಹಿಡಿದರೆ ಎರಡು ಮೀಟರ್ ಎಪ್ಪತ್ತು ಸೆಂಟಿಮೀಟರ್. ಕೆಸರಿಗೆ ಹೂತಿರಬೇಕು ಅಂದೆ. "ಇಲ್ಲಿ ಎಲ್ಲೈತಿ ಕೆಸರು? ಗರಸು ನೆಲ" ಅಂತ ಗಳವನ್ನು ಕೆಳಗೆ ಕುಟ್ಟಿದರು. ಟಕ್ ಟಕ್ ಅನ್ನೋದು ಕೈಗೇ ಗೊತ್ತಾಗುತ್ತಿತ್ತು.

ತಪ್ಪು ನನ್ನದು. ಸೋನಾರ್ ಪೆಟ್ಟಿಗೆ ನೀರಿನ ಮೇಲ್ಮೈಗಿಂತ 45 ಸೆಂಟಿಮೀಟರ್ ಕೆಳಗೆ ತೂಗುತ್ತಿತ್ತು. ಅದು ತಾನಿರುವ ಜಾಗದಿಂದ ತಳಕ್ಕೆ ಅಳೆಯುತ್ತೆ. ಆ 45ನ್ನು ಕೂಡಿಸಿ ಅಂತ ನಾನು ಹೇಳಿರಲಿಲ್ಲ. ಕೆರೆ ಪೂರ್ತಿ 45 ಸೆಂಟಿಮೀಟರ್ ಮೇಲೆ ಬಂದು ಕೂತಿತ್ತು. ನಕ್ಷೆ ನೋಡೋಕೆ ಒಂದು ಚೂರೂ ಕೆಟ್ಟಿರಲಿಲ್ಲ, ಅದೇ ಭಯ. ನೂರು ಎಕರೆಗೆ ಅಷ್ಟು ದಪ್ಪದ ಹೂಳು ಅಂದರೆ ಒಂದು ಲಕ್ಷ ಎಂಬತ್ತು ಸಾವಿರ ಘನ ಮೀಟರ್. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರಿಗೆ 18 ಸಾವಿರ ಲೋಡ್. ಇಲ್ಲದ ಹೂಳು. ಅದನ್ನು ಎತ್ತಿದ್ದೇವೆ ಅಂತ ಬಿಲ್ ಬರೆಯೋಕೆ ಯಾರಿಗಾದರೂ ಎಷ್ಟು ಸುಲಭ ಆಗುತ್ತಿತ್ತು ಅಂತ ನೀವೇ ಯೋಚಿಸಿ. ಅವತ್ತಿನಿಂದ ಕೆಲಸ ಶುರು ಮಾಡುವ ಮೊದಲು ಒಂದು ಕಬ್ಬಿಣದ ತಟ್ಟೆಯನ್ನು ಸರಪಳಿಯಲ್ಲಿ ಎರಡು ಮೀಟರ್ ಇಳಿಸಿ, ಯಂತ್ರ ಎರಡು ಅನ್ನುತ್ತಾ ಅಂತ ನೋಡುತ್ತೇನೆ. ಬಾರ್ ಚೆಕ್ ಅನ್ನುತ್ತಾರೆ. ಪುಸ್ತಕದಲ್ಲಿ ಮೊದಲ ಅಧ್ಯಾಯದಲ್ಲೇ ಇತ್ತು.

ಆಮೇಲೆ ಪ್ರಶ್ನೆಗಳು ಬಂದವು. ಎಲ್ಲವನ್ನೂ ಬರೆಯಲ್ಲ, ಮೂರು ಸಾಕು.

ಒಬ್ಬ ಹುಡುಗ ಕೇಳಿದ. "ಮೇಡಮ್, ಗೂಗಲ್‌ನಲ್ಲಿ ಸಮುದ್ರದ ತಳ ಪೂರ್ತಿ ಕಾಣುತ್ತಲ್ಲ?" ಕಾಣುತ್ತೆ. ಅದರಲ್ಲಿ ಹೆಚ್ಚಿನದು ಅಳೆದದ್ದಲ್ಲ, ಊಹಿಸಿದ್ದು. ನೀರಿನೊಳಗೆ ದೊಡ್ಡ ಬೆಟ್ಟ ಇದ್ದರೆ ಅದರ ಗುರುತ್ವಕ್ಕೆ ನೀರು ಸುತ್ತ ಸೇರಿಕೊಂಡು ಸಮುದ್ರದ ಮೇಲ್ಮೈ ಸ್ವಲ್ಪ ಉಬ್ಬುತ್ತದೆ. ಉಪಗ್ರಹ ಆ ಉಬ್ಬನ್ನು ಅಳೆದು ಕೆಳಗೆ ಬೆಟ್ಟ ಇದೆ ಅನ್ನುತ್ತೆ. ಬೆಟ್ಟ ಗೊತ್ತಾಗುತ್ತೆ, ಬಂಡೆ ಗೊತ್ತಾಗಲ್ಲ. ಜಗತ್ತಿನ ಸಮುದ್ರ ತಳವನ್ನೆಲ್ಲ 2030ರೊಳಗೆ ಸರಿಯಾಗಿ ಅಳೆಯಬೇಕು ಅಂತ ಸೀಬೆಡ್ 2030 ಅನ್ನುವ ಯೋಜನೆ 2017ರಲ್ಲಿ ಶುರುವಾಯಿತು. ಆಗ ಶೇ. 6ರಷ್ಟು ಆಗಿತ್ತು. 2025ರ ಹೊತ್ತಿಗೆ ಶೇ. 27 ದಾಟಿದೆ. 2030ಕ್ಕೆ ಮುಗಿಯುತ್ತಾ? ನನಗೆ ನಂಬಿಕೆ ಇಲ್ಲ.

ಕಾಲೇಜು ಹುಡುಗಿಯೊಬ್ಬಳು ಮೀನಿಗೆ ಈ ಸದ್ದಿನಿಂದ ತೊಂದರೆ ಆಗಲ್ವಾ ಅಂದಳು. ಒಳ್ಳೆಯ ಪ್ರಶ್ನೆ. ನಾವು ದಡದ ಹತ್ತಿರ ಬಳಸುವ ಸದ್ದು 200 ಕಿಲೋಹರ್ಟ್ಸಿಗಿಂತ ಮೇಲೆ, ಅಂದರೆ ತುಂಬಾ ಕೀಚು ದನಿ. ಹೆಚ್ಚಿನ ಮೀನುಗಳಿಗೆ ಅದು ಕೇಳಿಸೋದೇ ಇಲ್ಲ. ಡಾಲ್ಫಿನ್ನಿನ ಕಿವಿಗೂ ಅದು ಸ್ವಲ್ಪ ಮೇಲೆಯೇ. ಆದರೆ ಜಲಾಂತರ್ಗಾಮಿ ಹುಡುಕುವ ಯುದ್ಧನೌಕೆಗಳ ಸೋನಾರ್ ಬೇರೆ. ಅದು ತಗ್ಗು ದನಿ, ತುಂಬಾ ಜೋರು. 2000ನೇ ಇಸವಿಯಲ್ಲಿ ಬಹಾಮಾಸ್‌ನಲ್ಲಿ ತಿಮಿಂಗಿಲಗಳು ದಡಕ್ಕೆ ಬಂದು ಬಿದ್ದಾಗ ಅಮೆರಿಕದ ನೌಕಾಪಡೆಯೇ ತನ್ನ ಸೋನಾರ್ ಕಾರಣ ಅಂತ ಒಪ್ಪಿಕೊಂಡಿತು. ಸೋನಾರ್ ಎಲ್ಲ ಒಂದೇ ಅಂತ ಹೆದರೋದೂ ಬೇಡ, ಯಾವುದೂ ತೊಂದರೆ ಮಾಡಲ್ಲ ಅಂತ ನಂಬೋದೂ ಬೇಡ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಹೆಗಲ ಮೇಲೆ ಟವೆಲ್. ಹಿರಿಯೂರು ಕಡೆಯವರು.

"ನಮ್ಮೂರ ಕೆರೆ ಎಷ್ಟು ಆಳ ಅಂಬೋದು ನಂಗೆ ಗೊತ್ತೈತೆ ತಾಯಿ. ಹೂಳು ಎಷ್ಟೈತೆ ಅದನ್ನ ಹೇಳ್ತತಾ ನಿನ್ ಮಿಷನ್ನು?"

ಹೇಳುತ್ತೆ ಅಂದೆ. ಎರಡು ದನಿಯಲ್ಲಿ ಕೂಗುವ ಸೋನಾರ್ ಇದೆ. ಕೀಚು ದನಿ ಕೆಸರಿನ ಮೇಲ್ಪದರಕ್ಕೇ ತಾಗಿ ವಾಪಸ್ ಬರುತ್ತೆ. ದಪ್ಪ ದನಿ ಮೆತ್ತನೆಯ ಹೂಳಿನೊಳಗೆ ಇಳಿದು, ಕೆಳಗಿನ ಗಟ್ಟಿ ನೆಲ ಮುಟ್ಟಿ ಬರುತ್ತೆ. ಎರಡರ ನಡುವಿನ ವ್ಯತ್ಯಾಸವೇ ಹೂಳಿನ ದಪ್ಪ. ಹೂಳಿನಲ್ಲಿ ಕೊಳೆತ ಕಸದ ಗಾಳಿ ಸೇರಿಕೊಂಡಿದ್ದರೆ ಮಾತ್ರ ದಪ್ಪ ದನಿಯೂ ಸೋಲುತ್ತೆ. ಅವರು ತಲೆಯಾಡಿಸಿದರು. ಅರ್ಥ ಆಯಿತು ಅಂತಲೋ, ಇವಳು ಮುಗಿಸಲಿ ಅಂತಲೋ ಗೊತ್ತಾಗಲಿಲ್ಲ. ನಾನು ಹುರುಪಿನಲ್ಲಿ ಮುಂದುವರಿಸಿದೆ. "ಬೇಸಿಗೆಯಲ್ಲಿ ನಿಮ್ಮ ಕೆರೆ ಒಣಗುತ್ತಲ್ವಾ ಅಜ್ಜಾ? ಆಗ ಸೋನಾರೇ ಬೇಡ. ಡ್ರೋನ್ ತಂದರೆ ಒಂದೇ ಬೆಳಿಗ್ಗೆ ನಕ್ಷೆ ಮಾಡಿಕೊಡ್ತೀನಿ."

ಅವರು ಟವೆಲ್ ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

"ಒಣಗಿದ್ ಮ್ಯಾಲೆ ನಾನೇ ನಡ್ಕಂಡು ಹೋಗಿ ನೋಡ್ತೀನಲ್ಲವ್ವಾ. ನೀರಿದ್ದಾಗ ಬಾ."